ಹೆದರಬೇಕಾದ ಕಡೆ ನಕ್ಕರು, ನಗಬೇಕಾದ ಕಡೆ ಸುಮ್ಮನಾದರು: ಹಾರರ್-ಕಾಮಿಡಿ ರಫ್ ಕಟ್ ಸರಿಪಡಿಸುವುದು ಹೇಗೆ?

ಪ್ರಶ್ನೆ: ನಾನು ಹೊಸನಗರ ತಾಲೂಕಿನವನು. ಗೆಳೆಯರೆಲ್ಲ ದುಡ್ಡು ಹಾಕಿ ಒಂದು ಹಾರರ್-ಕಾಮಿಡಿ ಸಿನಿಮಾ ಮಾಡಿದ್ದೇವೆ. ಅಜ್ಜನ ಕಾಲದ ತೊಟ್ಟಿ ಮನೆ ಮಾರಲು ರಘು ಬೆಂಗಳೂರಿನಿಂದ ಕಿಟ್ಟಿ, ಮಂಜ ಅನ್ನೋ ಗೆಳೆಯರ ಜೊತೆ ಬರುತ್ತಾನೆ. ಎಷ್ಟೋ ವರ್ಷದ ಹಿಂದೆ ಬಾವಿಗೆ ಬಿದ್ದು ಸತ್ತ ಸರಸತ್ತೆ ಆ ಮನೆಯಲ್ಲಿ ಓಡಾಡುತ್ತಾಳೆ ಅಂತ ಊರವರ ಮಾತು. ರಾತ್ರಿ ಅಡಕತ್ತರಿಯ ಸದ್ದು, ಅಡುಗೆಮನೆಯಿಂದ ‘ಊಟ ಆತೇನೋ?’ ಅನ್ನೋ ದನಿ, ತನ್ನಷ್ಟಕ್ಕೆ ತೂಗುವ ಜೋಕಾಲಿ, ಹೀಗೆ. ಮನೆಯನ್ನು ಕಡಿಮೆ ಬೆಲೆಗೆ ಹೊಡೆದುಕೊಳ್ಳಲು ಚಿಕ್ಕಪ್ಪನೇ ಇದನ್ನೆಲ್ಲ ಮಾಡಿಸಿದ್ದು ಅಂತ ಕೊನೆಗೆ ಗೊತ್ತಾಗುತ್ತದೆ. ಮೊದಲ ಸುತ್ತಿನ ಎಡಿಟಿಂಗ್ ಮುಗಿಸಿ, 2 ಗಂಟೆ 26 ನಿಮಿಷದ ಆ ರಫ್ ಕಟ್ ಅನ್ನು 22 ಜನರಿಗೆ ತೋರಿಸಿದೆವು. ಹೆದರಬೇಕಾದ ಕಡೆ ನಕ್ಕರು. ಇಂಟರ್ವಲ್ ಆದ ಮೇಲೆ ನಗುವೇ ಇಲ್ಲ, ಮೊಬೈಲ್ ತೆಗೆದರು. ಕ್ಲೈಮ್ಯಾಕ್ಸ್ ನೋಡಿ ‘ಇಷ್ಟೇನಾ’ ಅಂದರು. ಕಾಮಿಡಿಯನ್ನೆಲ್ಲ ತೆಗೆದು ಬರೀ ಹಾರರ್ ಮಾಡಿ ಅಂತ ಒಬ್ಬರು, ಬಿಜಿಎಂ (ಹಿನ್ನೆಲೆ ಸಂಗೀತ) ಜೋರು ಮಾಡಿ ಅಂತ ಇನ್ನೊಬ್ಬರು, ದೆವ್ವದ ಮುಖ ಇನ್ನೂ ಭೀಕರವಾಗಿರಲಿ ಅಂತ ಮತ್ತೊಬ್ಬರು. ಕೈಯಲ್ಲಿ ಉಳಿದಿರುವುದು ಮೂರು ದಿನದ ಶೂಟಿಂಗ್‌ಗೆ ಆಗುವಷ್ಟು ದುಡ್ಡು. ಚಿತ್ರಕಥೆ, ರಫ್ ಕಟ್ ಎರಡನ್ನೂ ಕಳಿಸಿದ್ದೇನೆ. ಭಯವೂ ನಗುವೂ ಒಂದೇ ಸಿನಿಮಾದಲ್ಲಿ ಕೂಡುವುದಿಲ್ಲವೇ? ನಾವು ಏನು ಮಾಡಬೇಕು?

ಉತ್ತರ: ನಿಮ್ಮವು ಮೂರು ದೂರುಗಳು. ಭಯದ ಜಾಗದಲ್ಲಿ ನಗು ಬಂತು, ದ್ವಿತೀಯಾರ್ಧದಲ್ಲಿ ನಗು ಹೋಯಿತು, ಕೊನೆಯಲ್ಲಿ ಸಿಟ್ಟು ಬಂತು. ಮೂರಕ್ಕೂ ಬೇರೆಬೇರೆ ಮದ್ದು ಹೇಳುವವರು ನಿಮ್ಮ ಸುತ್ತ ಇದ್ದಾರೆ. ಚಿತ್ರಕಥೆ ಓದಿ ರಫ್ ಕಟ್ ನೋಡಿದ ಮೇಲೆ ನನಗೆ ಕಂಡದ್ದು, ಮೂರರ ಬೇರೂ ಒಂದೇ. ನಿಮ್ಮ ದೆವ್ವಕ್ಕೆ ಕಟ್ಟಳೆ ಇಲ್ಲ. ಸರಸತ್ತೆ ಯಾವಾಗ ಬರುತ್ತಾಳೆ, ಅವಳಿಗೆ ಏನು ಬೇಕು, ಅವಳ ಕೈಲಿ ಏನು ಆಗದು ಎಂಬುದು ಕಿಟ್ಟಿಗೂ ತಿಳಿಯದು, ನೋಡುವವರಿಗೂ ತಿಳಿಯದು. ಒಮ್ಮೆ ಜೋಕಾಲಿ ತೂಗುತ್ತಾಳೆ, ಒಮ್ಮೆ ಕನ್ನಡಿ ಒಡೆಯುತ್ತಾಳೆ, ಒಮ್ಮೆ ಮಂಜನ ಮೈಮೇಲೆ ಬರುತ್ತಾಳೆ. ಏನು ಬೇಕಾದರೂ ಮಾಡಬಲ್ಲ ದೆವ್ವದ ಮುಂದೆ ಪ್ರೇಕ್ಷಕ ಊಹಿಸುವುದನ್ನೇ ಬಿಟ್ಟುಬಿಡುತ್ತಾನೆ. ಊಹೆ ನಿಂತ ಕಡೆ ಭಯ ಹುಟ್ಟುವುದಿಲ್ಲ, ಪತ್ತೇದಾರಿಕೆಯೂ ನಡೆಯುವುದಿಲ್ಲ.

ಆದರೆ ಮೊದಲು ನಿಮ್ಮ 22 ಜನರ ನಗುವನ್ನು ಸರಿಯಾಗಿ ಓದಬೇಕು. ಎಲ್ಲ ನಗುವೂ ಸೋಲಲ್ಲ. ಬೆಚ್ಚಿಬಿದ್ದ ಒಂದೆರಡು ಸೆಕೆಂಡಿನ ಮೇಲೆ, ಪಕ್ಕದವರ ಮುಖ ನೋಡಿಕೊಂಡು ಬರುವ ನಗು ನಿಮ್ಮ ಗೆಲುವು. ಮೈ ಬಿಗಿಹಿಡಿದಿತ್ತು, ಈಗ ಸಡಿಲಾಯಿತು ಎಂಬುದರ ಗುರುತು ಅದು. ಬೆಚ್ಚಿಸುವುದಕ್ಕೆ ಮುಂಚೆಯೇ, ದೆವ್ವ ಇನ್ನೂ ಬಾಗಿಲ ಬಳಿ ಇರುವಾಗಲೇ ಬರುವ ನಗು ಬೇರೆ. ‘ಮುಂದೇನಾಗುತ್ತೆ ಅಂತ ನಂಗೊತ್ತು’ ಅನ್ನುವ ನಗು ಅದು. ಇನ್ನೊಂದಿದೆ, ದೆವ್ವದ ಮುಖ ತೆರೆ ತುಂಬಿದ ಕ್ಷಣದಲ್ಲೇ ಬರುವುದು. ಅದು ಮೇಕಪ್ಪನ್ನೋ ನಟನೆಯನ್ನೋ ನಂಬದೆ ಹುಟ್ಟಿದ ನಗು. ಮುಂದಿನ ಸಲ ತೋರಿಸುವಾಗ ತೆರೆಯ ಕೆಳಗೊಂದು ಫೋನ್ ಇಟ್ಟು ಪ್ರೇಕ್ಷಕರ ಕಡೆಗೆ ತಿರುಗಿಸಿ ರೆಕಾರ್ಡ್ ಮಾಡಿ. ಅವರಿಗೆ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಆ ರೆಕಾರ್ಡಿಂಗ್ ಅನ್ನು ಎಡಿಟಿಂಗ್ ಟೈಮ್‌ಲೈನ್‌ನಲ್ಲಿ ಸಿನಿಮಾದ ಪಕ್ಕ ಕೂರಿಸಿ ನೋಡಿದರೆ ಯಾವ ನಗು ಎಷ್ಟನೇ ಫ್ರೇಮಿನಲ್ಲಿ ಬಂತು ಎಂದು ನಿಖರವಾಗಿ ಸಿಗುತ್ತದೆ. ಆಮೇಲೆ ಕೇಳುವ ಅಭಿಪ್ರಾಯಗಳಿಗಿಂತ ಇದನ್ನು ಹೆಚ್ಚು ನಂಬಬಹುದು. ‘ಚೆನ್ನಾಗಿತ್ತು’, ‘ಸ್ವಲ್ಪ ಲ್ಯಾಗ್’ ಎಂಬ ಮಾತುಗಳಿಂದ ಯಾವ ಕಟ್ ಬದಲಿಸಬೇಕೆಂದು ತಿಳಿಯುವುದಿಲ್ಲ.

ನಿಮ್ಮ ಕಟ್‌ನಲ್ಲಿ ಮೊದಲೇ ಬರುವ ನಗುವಿಗೆ ಕಾರಣ ಸ್ಪಷ್ಟವಾಗಿದೆ. 14 ಕಡೆ ಬೆಚ್ಚಿಸಲು ಹೋಗಿದ್ದೀರಿ. ಅದರಲ್ಲಿ ಹೆಚ್ಚಿನವು ಒಂದೇ ಅಚ್ಚು: ಸಂಗೀತ ಏರುತ್ತದೆ, ಪಾತ್ರ ಮೆಲ್ಲಗೆ ತಿರುಗುತ್ತದೆ, ಧಡ್. ಮೂರನೆಯದಕ್ಕೇ ಪ್ರೇಕ್ಷಕನಿಗೆ ತಾಳ ಸಿಕ್ಕಿಬಿಡುತ್ತದೆ. 1942ರ ಹಾಲಿವುಡ್ ಚಿತ್ರ ‘ಕ್ಯಾಟ್ ಪೀಪಲ್’ನಲ್ಲಿ ಒಬ್ಬಳು ಹೆಂಗಸು ಕತ್ತಲ ರಸ್ತೆಯಲ್ಲಿ ನಡೆಯುತ್ತಾಳೆ, ಹಿಂದೆ ಏನೋ ಬರುತ್ತಿದೆ. ಮೃಗ ಹಾರುತ್ತದೆ ಎಂದುಕೊಂಡ ಕ್ಷಣದಲ್ಲಿ ಬುಸ್ ಎಂದು ಬಸ್ಸೊಂದು ಬಂದು ನಿಲ್ಲುತ್ತದೆ. ಸಂಗೀತವಿಲ್ಲ, ಮೃಗವೂ ಇಲ್ಲ. ಬೆಚ್ಚಿಸುವುದು ಎಲ್ಲಿಂದ ಬರುತ್ತದೆ ಎಂಬುದು ಪ್ರೇಕ್ಷಕನ ಲೆಕ್ಕಕ್ಕೆ ಸಿಗಬಾರದು. ನಿಮ್ಮ 14ರಲ್ಲಿ 5 ಅಥವಾ 6 ಉಳಿಸಿಕೊಂಡರೆ ಸಾಕು. ಉಳಿದ ಕಡೆ ಪಾತ್ರ ತಿರುಗಿ ನೋಡಿದಾಗ ಏನೂ ಇರದಿರಲಿ. ಆ ಖಾಲಿ ಜಾಗ ಮುಂದಿನ ದೃಶ್ಯಕ್ಕೆ ಬಂಡವಾಳ.

ಇನ್ನು ದೊಡ್ಡ ಪ್ರಶ್ನೆ: ಭಯ, ನಗು ಕೂಡುವುದಿಲ್ಲವೇ? ನಿಮಗೆ ‘ಕೂಡದು’ ಎಂದವರು ಒಂದು ಹಳೆಯ ಮಾತನ್ನೇ ಹೇಳಿದ್ದಾರೆ. 14ನೇ ಶತಮಾನದ ವಿಶ್ವನಾಥನ ಸಂಸ್ಕೃತ ಕಾವ್ಯಮೀಮಾಂಸೆಯ ಗ್ರಂಥ ‘ಸಾಹಿತ್ಯದರ್ಪಣ’ದಲ್ಲಿ ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳು. ಆದರೆ ಅವನಿಗಿಂತ ಐದು ಶತಮಾನ ಹಿಂದೆಯೇ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ವಿರೋಧಿ ರಸಗಳನ್ನು ಒಂದೇ ಕೃತಿಯಲ್ಲಿ ಕೂಡಿಸುವ ದಾರಿ ಹೇಳಿಟ್ಟಿದ್ದಾನೆ. ಒಂದೇ ಆಶ್ರಯದಲ್ಲಿ ಹೊಂದದವನ್ನು ಬೇರೆಬೇರೆ ಆಶ್ರಯದಲ್ಲಿ ಇಡು, ಅಂದರೆ ಬೇರೆಬೇರೆ ಪಾತ್ರಗಳಲ್ಲಿ. ಒಂದರ ಬೆನ್ನಿಗೇ ಇನ್ನೊಂದು ಬಂದಾಗ ಕೆಡುವಂಥವಾದರೆ ನಡುವೆ ಮೂರನೆಯ ರಸವನ್ನು ತಾ. ‘ನಾಗಾನಂದ’ ನಾಟಕದಲ್ಲಿ ಶಾಂತಕ್ಕೂ ಶೃಂಗಾರಕ್ಕೂ ನಡುವೆ ಅದ್ಭುತ ಬಂದು ಸೇತುವೆಯಾಗುತ್ತದೆ. ಇದು ಪಂಡಿತರ ಚರ್ಚೆ ಎಂದು ಬದಿಗಿಡಬೇಡಿ, ಎಡಿಟಿಂಗ್ ಟೇಬಲ್ಲಿನ ಮೇಲೆ ನೇರವಾಗಿ ಬಳಕೆಗೆ ಬರುವ ಮಾತು.

ಮೊದಲನೆಯ ದಾರಿ ನೋಡಿ. ಕಿಟ್ಟಿ ಕಂಬಳಿ ಹೊದ್ದು ಮಲಗಿದವನನ್ನು ಮಂಜ ಎಂದುಕೊಂಡು ಬೈಯುತ್ತಿದ್ದಾನೆ. ಮಂಜ ಆಗಲೇ ಅಂಗಳದಲ್ಲಿ ಹಲ್ಲುಜ್ಜುತ್ತಿರುವುದು ನಮಗೆ ಕಿಟಕಿಯಲ್ಲಿ ಕಾಣುತ್ತಿದೆ. ಕಿಟ್ಟಿಗೆ ಭಯವಿಲ್ಲ, ಅದಕ್ಕೇ ನಗು. ನಮಗೆ ಗೊತ್ತಿದೆ, ಅದಕ್ಕೇ ಭಯ. ಎರಡೂ ಒಂದೇ ಶಾಟ್‌ನಲ್ಲಿವೆ, ಒಂದನ್ನೊಂದು ಕೊಲ್ಲುತ್ತಿಲ್ಲ. ಈ ದೃಶ್ಯ ನಿಮ್ಮ ಸಿನಿಮಾದಲ್ಲೇ ಇದೆ, 31ನೇ ನಿಮಿಷದಲ್ಲಿ. ಇಡೀ ರಫ್ ಕಟ್‌ನಲ್ಲಿ ಇದಕ್ಕಿಂತ ಚೆನ್ನಾಗಿ ಬಂದದ್ದು ಬೇರೊಂದಿಲ್ಲ. ಆದರೆ ನೀವು ಮಂಜನನ್ನು ಕಿಟಕಿಯಲ್ಲಿ ತೋರಿಸುವುದು ಕಿಟ್ಟಿಯ ಬೈಗುಳ ಮುಗಿದ ಮೇಲೆ. ಅದನ್ನು ಬೈಗುಳಕ್ಕಿಂತ ಮೊದಲು ತನ್ನಿ. ದುಡ್ಡು ಬೇಡ, ಹೊಸ ಶಾಟ್ ಬೇಡ, ಎರಡು ಶಾಟ್‌ಗಳ ಜಾಗ ಅದಲು ಬದಲು, ಅಷ್ಟೆ.

ಹೀಗೆ ಪ್ರತಿ ದೃಶ್ಯಕ್ಕೂ ಒಂದು ಲೆಕ್ಕ ಬರೆಯಿರಿ: ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ. ನಮಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ನಗುವನ್ನೂ ಆತಂಕವನ್ನೂ ಒಟ್ಟಿಗೆ ಹುಟ್ಟಿಸಬಹುದು. ಇಬ್ಬರಿಗೂ ಗೊತ್ತಿಲ್ಲದಿದ್ದರೆ ಬೆಚ್ಚಿಸಬಹುದು. ಪಾತ್ರಕ್ಕೆ ಗೊತ್ತಿದ್ದು ನಮಗೆ ಗೊತ್ತಿಲ್ಲದಿದ್ದರೆ ಅದು ಪತ್ತೇದಾರಿಕೆಯ ಜಾಗ, ಚಿಕ್ಕಪ್ಪ ನಿಲ್ಲಬೇಕಾದ್ದು ಅಲ್ಲಿ.

ಎರಡನೆಯ ದಾರಿಯಲ್ಲಿ ಸೇತುವೆಯಾಗುವುದು ಕುತೂಹಲ. ನಗು ಮುಗಿದ ಕೂಡಲೇ ಭಯಕ್ಕೆ ಹಾರಬೇಡಿ. ನಡುವೆ ಒಂದು ಸುಳಿವು ಇಡಿ: ತೊಳೆದು ಕವುಚಿಟ್ಟ ತಟ್ಟೆ ಈಗ ಅಂಗಾತ ಯಾಕಿದೆ? ನಕ್ಕು ಹಗುರಾದ ಮನಸ್ಸು ಆ ತಟ್ಟೆಯ ಕಡೆ ತಿರುಗುತ್ತದೆ, ಪ್ರಶ್ನೆ ಹಾಕಿಕೊಳ್ಳುತ್ತದೆ, ಪ್ರಶ್ನೆಯಿಂದ ಭಯಕ್ಕೆ ದಾರಿ ಹತ್ತಿರ. ನಿಮ್ಮ ಕಟ್‌ನಲ್ಲಿ ಕಿಟ್ಟಿಯ ಜೋಕಿನಿಂದ ದೆವ್ವದ ಮುಖಕ್ಕೆ ನೇರ ಕಟ್ ಇರುವ ಕಡೆಗಳನ್ನೆಲ್ಲ ಗುರುತು ಹಾಕಿ. ಅಲ್ಲೆಲ್ಲ 8ರಿಂದ 15 ಸೆಕೆಂಡಿನ ಇಂಥ ನಡು ಬೇಕು.

ದೆವ್ವದ ಕಟ್ಟಳೆಯ ಮಾತಿಗೆ ಬರೋಣ. ಬೆಂಗಳೂರಿನ ಬಡಾವಣೆಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲ ನೆನಪಿರಬಹುದು, 1990ರ ದಶಕದ ಮಾತು. ದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗಿಯಿತು. ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹೋಗುತ್ತದೆ, ಮಾರನೆಯ ದಿನ ಮತ್ತೆ ಬಂದು ಮತ್ತೆ ಓದುತ್ತದೆ. ಕನ್ನಡ ಓದಬಲ್ಲ, ಹೇಳಿದ ಮಾತು ಕೇಳುವ ದೆವ್ವ ಎಂಬಲ್ಲೇ ನಗುವಿದೆ. ಅದು ನಾಳೆ ಖಂಡಿತ ಬರುತ್ತದೆ ಎಂಬಲ್ಲಿ ಭಯವಿದೆ. ಅಮ್ಮನ ದನಿ ಕೇಳಿದರೂ ಬಾಗಿಲು ತೆಗೆಯುವಂತಿಲ್ಲ ಎಂಬುದು ಅದಕ್ಕಿಂತ ದೊಡ್ಡ ಭಯ. ಒಂದೇ ಕಟ್ಟಳೆಯಿಂದ ಎಲ್ಲವೂ ಹುಟ್ಟಿದೆ. ಹಿಂದಿಯ ‘ಸ್ತ್ರೀ’ 2018ರಲ್ಲಿ ಇದೇ ನಂಬಿಕೆಯನ್ನು ಚಂದೇರಿಗೆ ಒಯ್ದು ಕಟ್ಟಿದ ಚಿತ್ರ. ನಮ್ಮ ಗೋಡೆಯ ಮೇಲಿದ್ದ ಸಾಲು ಅದು ಎಂಬುದನ್ನು ನೆನೆದಾಗ, ಇಲ್ಲಿಯ ಬರಹಗಾರರು ಇಂಥವನ್ನು ಇನ್ನೂ ಹೆಚ್ಚು ಹುಡುಕಬೇಕು ಅನಿಸುತ್ತದೆ. ದಕ್ಷಿಣ ಕನ್ನಡದಲ್ಲಿ ಮದುವೆಯಾಗದೆ ಸತ್ತವರಿಗೆ ಆಟಿ ತಿಂಗಳಲ್ಲಿ ಹೆಣ್ಣು-ಗಂಡು ನೋಡಿ ಮಾಡುವ ಪ್ರೇತ ಮದುವೆ ಇದೆ. ಅದರಲ್ಲಿ ಎಷ್ಟು ನಗುವಿದೆಯೋ ಅಷ್ಟೇ ಸಂಕಟವಿದೆ.

ನಿಮ್ಮ ಕೈಯಲ್ಲೂ ಅಂಥದೊಂದು ಇದೆ, ನೀವು ಗಮನಿಸಿಲ್ಲ. ‘ಊಟ ಆತೇನೋ?’ ಮಲೆನಾಡಿನ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಯಾರು ಬಂದರೂ ಕೇಳುವ ಮೊದಲ ಮಾತು. ಅದನ್ನು ದೆವ್ವ ಕೇಳುತ್ತದೆ ಎಂಬುದಕ್ಕಿಂತ ಚೆನ್ನಾದ ಕಟ್ಟಳೆ ಬೇಕೇ? ಒಂದು ಹಾಳೆಯಲ್ಲಿ ಐದು ಸಾಲು ಬರೆಯಿರಿ. ಅವಳು ಯಾವಾಗ ಬರುತ್ತಾಳೆ: ಒಲೆ ಆರಿದ ಮೇಲೆ. ಏನು ಮಾಡುತ್ತಾಳೆ: ಊಟ ಆಯಿತೇ ಎಂದು ಕೇಳುತ್ತಾಳೆ. ‘ಆತು’ ಎಂದರೆ ಹೋಗುತ್ತಾಳೆ. ‘ಇಲ್ಲ’ ಎಂದರೆ ಬೆಳಿಗ್ಗೆ ಆ ಮನುಷ್ಯ ಮಲಗಿದ್ದ ಕಡೆ ಬಾಳೆಎಲೆ ಹಾಸಿರುತ್ತದೆ, ಮೂರನೆಯ ಸಲ ‘ಇಲ್ಲ’ ಎಂದವನು ಎಲೆಯ ಮುಂದಿನಿಂದ ಏಳುವುದಿಲ್ಲ. ಅವಳ ಕೈಲಿ ಆಗದ್ದು: ಸುಳ್ಳನ್ನು ಗುರುತಿಸುವುದು. ಕನ್ನಡಿ ಒಡೆಯುವುದು, ಮೈಮೇಲೆ ಬರುವುದು ಈ ಹಾಳೆಯಲ್ಲಿಲ್ಲ, ಹಾಗಾಗಿ ಕಟ್‌ನಿಂದಲೂ ಹೊರಗೆ.

ಕಟ್ಟಳೆಯನ್ನು ಮೊದಲ 25 ನಿಮಿಷದೊಳಗೆ ಕಿಟ್ಟಿಯ ಹಾಸ್ಯದ ಮೂಲಕ ಕಲಿಸಿ. ಹಸಿದ ಕಿಟ್ಟಿ ಕತ್ತಲಲ್ಲಿ ಅದು ಕೆಲಸದವಳೆಂದುಕೊಂಡು ‘ಇಲ್ಲ ಕಣಮ್ಮ, ಏನಿದೆ?’ ಅನ್ನುತ್ತಾನೆ, ಎರಡು ರಾತ್ರಿ ಹಾಗೇ ಅನ್ನುತ್ತಾನೆ. ಗೊತ್ತಾದ ಮೇಲೆ ಹೊಟ್ಟೆ ಚುರುಗುಟ್ಟುತ್ತಿದ್ದರೂ ‘ಆತು, ಆತು, ಹೋಳಿಗೆ ಊಟ ಆತು’ ಎಂದು ಹಲ್ಲು ಕಡಿಯುತ್ತಾನೆ. ಪ್ರೇಕ್ಷಕ ನಗುನಗುತ್ತಲೇ ನಿಯಮ ಕಲಿತ. ಈಗ ಇಂಟರ್ವಲ್ ಆದ ಮೇಲೆ ಕಿಟ್ಟಿಗೆ ಜ್ವರ ಬರಲಿ, ಬಡಬಡಿಸಲಿ. ಒಲೆ ಆರುತ್ತದೆ. ಅಡುಗೆಮನೆಯಿಂದ ದನಿ ಬರುತ್ತದೆ. ಅವನ ಬಾಯಿಂದ ಏನು ಬರುತ್ತದೋ ಗೊತ್ತಿಲ್ಲ. ನಗಿಸಿದ ಮಾತೇ ಈಗ ಉಸಿರು ಹಿಡಿಸುತ್ತದೆ, ಅದಕ್ಕೆ ಮೇಕಪ್ಪೂ ಬೇಡ, ಗ್ರಾಫಿಕ್ಸೂ ಬೇಡ.

ದ್ವಿತೀಯಾರ್ಧದಲ್ಲಿ ನಗು ಹೋದದ್ದೂ ಇದರಿಂದಲೇ. ನಿಮ್ಮ ನಗು ಪ್ರತ್ಯೇಕ ಕಾಮಿಡಿ ಟ್ರ್ಯಾಕ್: ಹೋಟೆಲ್ ಜಗಳ, ಬ್ರೋಕರ್ ಜೊತೆಗಿನ ಮಾತು, ಮಂಜನ ಲವ್ವು. ಕಥೆ ಬಿಗಿಯಾದಾಗ ಟ್ರ್ಯಾಕಿಗೆ ಜಾಗ ಉಳಿಯುವುದಿಲ್ಲ, ಕಿತ್ತು ಹಾಕುತ್ತೀರಿ, ಕಿಟ್ಟಿ ಸುಮ್ಮನೆ ಹಿಂದೆ ನಿಲ್ಲುವ ಗೊಂಬೆಯಾಗುತ್ತಾನೆ. ಕಟ್ಟಳೆಯಿಂದ ಹುಟ್ಟಿದ ನಗು ಕೊನೆಯವರೆಗೂ ನಡೆಯುತ್ತದೆ. ಒಂದು ಎಚ್ಚರಿಕೆ ಮಾತ್ರ: ಕಿಟ್ಟಿ ಭಯಪಟ್ಟಾಗ ನಿಜವಾಗಿ ಭಯಪಡಬೇಕು. ಕಣ್ಣು ತಿರುಗಿಸಿ, ಬಾಯಿ ಸೊಟ್ಟ ಮಾಡಿ ಹೆದರಿದಂತೆ ನಟಿಸಿದರೆ ದೆವ್ವ ಸುಳ್ಳು ಎಂದು ಅವನೇ ಸಾರಿದಂತೆ. ನಗು ಬರಬೇಕಾದ್ದು ಆ ಭಯದಲ್ಲಿ ಅವನು ಮಾಡುವ ಕೆಲಸದಿಂದ, ಮುಖದಿಂದಲ್ಲ. ಇನ್ನೊಂದು, ನಗು ಬದುಕಿರುವವರ ಮೇಲೆ ಇರಲಿ. ಸರಸತ್ತೆಯ ಸೀರೆ, ಕೂದಲು, ದನಿ ನೋಡಿ ಹಾಸ್ಯ ಮಾಡಿದ ನಾಲ್ಕು ಜೋಕುಗಳಿವೆ. ಮುಂದೆ ಅವಳ ಕಥೆ ಕೇಳಿ ಕಣ್ಣಲ್ಲಿ ನೀರು ಬರಬೇಕಾದರೆ ಅವನ್ನು ಈಗಲೇ ಕತ್ತರಿಸಿ.

ಈಗ ಕ್ಲೈಮ್ಯಾಕ್ಸ್. ‘ಎಲ್ಲ ಮನುಷ್ಯರೇ ಮಾಡಿದ್ದು’ ಎಂಬ ಕೊನೆಗೆ ಜನ ಸಿಟ್ಟಾಗುತ್ತಾರೆ ಎನ್ನುವುದು ಅರ್ಧ ಸತ್ಯ. ‘ಆಪ್ತಮಿತ್ರ’ದಲ್ಲಿ (2004), ಅದರ ಮೂಲವಾದ 1993ರ ಮಲಯಾಳಂ ಚಿತ್ರದಲ್ಲಿ ಬಿಡಿಸಿದ ಗಂಟು ಮನಸ್ಸಿನ ಕಾಯಿಲೆ. ಜನ ಒಪ್ಪಿದರು, ಯಾಕೆಂದರೆ ಕಾರಣ ತಿಳಿದ ಮೇಲೂ ಅಪಾಯ ಹೋಗಲಿಲ್ಲ, ಹತ್ತಿರದವರ ಜೀವ ಕೊನೆಯ ದೃಶ್ಯದವರೆಗೂ ಪಣದಲ್ಲಿತ್ತು. ನಿಮ್ಮಲ್ಲಿ ಚಿಕ್ಕಪ್ಪ ಸಿಕ್ಕಿಬಿದ್ದ ಕ್ಷಣಕ್ಕೆ ಅಪಾಯ ಮುಗಿಯುತ್ತದೆ, ಆಮೇಲೆ 11 ನಿಮಿಷ ಅವನು ತಪ್ಪೊಪ್ಪಿಕೊಳ್ಳುತ್ತಾನೆ. ಅದಕ್ಕಿಂತ ದೊಡ್ಡ ತೊಂದರೆ, ಲೆಕ್ಕ ತಾಳೆಯಾಗುವುದಿಲ್ಲ. ಜೋಕಾಲಿ ತೂಗುವ ರಾತ್ರಿ ಚಿಕ್ಕಪ್ಪ ರಿಪ್ಪನ್‌ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕೂತಿರುವುದನ್ನು ನೀವೇ ತೋರಿಸಿದ್ದೀರಿ. ಪ್ರೇಕ್ಷಕರಿಗೆ ಇದು ಬಾಯಲ್ಲಿ ಹೇಳಲು ಬರದಿರಬಹುದು, ಮೋಸ ಆಗಿದೆ ಎಂದು ಒಳಗೆ ಗೊತ್ತಾಗುತ್ತದೆ. ‘ಇಷ್ಟೇನಾ’ ಎಂದರೆ ಅದೇ.

ಒಂದು ಪಟ್ಟಿ ಮಾಡಿ. ಎಡಕ್ಕೆ ಪ್ರತಿ ವಿಚಿತ್ರ ಘಟನೆ, ಪಕ್ಕದಲ್ಲಿ ಆ ಹೊತ್ತಿಗೆ ಚಿಕ್ಕಪ್ಪ ಎಲ್ಲಿದ್ದ, ಯಾವ ವಸ್ತುವಿನಿಂದ ಹೇಗೆ ಮಾಡಿದ, ಆ ವಸ್ತುವನ್ನು ನಾವು ಮೊದಲು ಎಲ್ಲಿ ನೋಡಿದೆವು. ಅಡಕತ್ತರಿಯ ಸದ್ದು, ಕಿಟಕಿಯ ನೆರಳು, ಬಾವಿಯ ಗಡಗಡೆ ಅವನ ಪಾಲಿಗೆ ಬರುತ್ತವೆ. ಊಟ ಕೇಳುವ ದನಿ, ಎಲೆ ಹಾಸುವುದು ಬರುವುದಿಲ್ಲ. ಆ ಎರಡನ್ನು ಅವನ ತಲೆಗೆ ಕಟ್ಟಬೇಡಿ. ಸಿಕ್ಕಿಬಿದ್ದ ಮೇಲೆ ರಘು ‘ಆ ದನಿಗೆ ಯಾರನ್ನ ಕರ್ಕೊಂಬಂದಿದ್ದೆ?’ ಎಂದು ಕೇಳಲಿ. ಚಿಕ್ಕಪ್ಪನ ಮುಖದಿಂದ ಬಣ್ಣ ಇಳಿಯಲಿ. ಅವನಿಗೆ ಆ ಮಾತು ಗೊತ್ತು, ಯಾಕೆಂದರೆ ಸರಸತ್ತೆ ಸತ್ತ ದಿನ ಅವಳಿಗೆ ಊಟ ಹಾಕದೆ ಹೊರಗಿಟ್ಟವನು ಅವನು. ಆಗ ಒಲೆ ಆರಲಿ. ಪತ್ತೇದಾರಿಕೆ ಮುಗಿದು ಅಲ್ಲಿಂದಲೇ ಭಯ ಶುರುವಾಗುತ್ತದೆ, ‘ಆತು ಅನ್ನಿ, ಆತು ಅನ್ನಿ’ ಎಂದು ಚಿಕ್ಕಪ್ಪನ ಕೈ ಹಿಡಿದು ಅಂಗಲಾಚುವವನು ಕಿಟ್ಟಿ. ಅಲ್ಲಿ ನಗುವೂ ಬರುತ್ತದೆ.

ಇದರಲ್ಲಿ ಒಂದು ಅಪಾಯವಿದೆ. ಎಲ್ಲ ಮುಗಿದ ಮೇಲೆ ಕೊನೆಯ ಶಾಟ್‌ನಲ್ಲಿ ಜೋಕಾಲಿ ತಾನಾಗಿ ತೂಗುವುದು, ಕ್ಯಾಮೆರಾ ಕಡೆ ದೆವ್ವ ನೋಡುವುದು, ಇಂಥ ಬಾಲ ಅಂಟಿಸಬೇಡಿ. ನೋಡಿ ನೋಡಿ ಸವೆದ ತಂತ್ರ ಅದು, ಕಟ್ಟಿದ್ದನ್ನೆಲ್ಲ ಮತ್ತೆ ಸಡಿಲ ಮಾಡುತ್ತದೆ.

ಬಿಜಿಎಂ ಜೋರು ಮಾಡುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಬೆಚ್ಚಿಸುವುದು ಸದ್ದಿನ ಗಾತ್ರವಲ್ಲ, ಹಿಂದಿನ ಕ್ಷಣಕ್ಕೂ ಈ ಕ್ಷಣಕ್ಕೂ ಇರುವ ಅಂತರ. ನಿಮ್ಮ ಕಟ್‌ನಲ್ಲಿ ಬಿಜಿಎಂ ಒಂದು ನಿಮಿಷವೂ ಬಿಡುವಿಲ್ಲದೆ ಹರಿಯುತ್ತಿದೆ, ಕಿವಿ ಮರಗಟ್ಟಿದೆ. ಮುಖ್ಯವಾದ ಐದಾರು ಕಡೆ ಬೆಚ್ಚಿಸುವ ಮುಂಚಿನ 10 ಸೆಕೆಂಡು ಸಂಗೀತವನ್ನು ಪೂರ್ತಿ ತೆಗೆದು, ಮನೆಯ ಸಹಜ ಸದ್ದನ್ನಷ್ಟೇ ಬಿಡಿ. ಮಲೆನಾಡಿನ ರಾತ್ರಿಯಲ್ಲಿ ಜೀರುಂಡೆ ಎಡೆಬಿಡದೆ ಕೂಗುತ್ತದೆ, ಹತ್ತಿರ ಯಾರಾದರೂ ಸುಳಿದರೆ ಥಟ್ಟನೆ ನಿಲ್ಲುತ್ತದೆ. ಅಲ್ಲಿ ಬೆಳೆದ ನಿಮಗೆ ನಾನು ಹೇಳಬೇಕಿಲ್ಲ. ಸರಸತ್ತೆ ಬರುವ 2 ಸೆಕೆಂಡು ಮೊದಲು ಜೀರುಂಡೆಯನ್ನು ನಿಲ್ಲಿಸಿ, ಪ್ರತಿ ಸಲವೂ. ಮೂರನೆಯ ಸಲಕ್ಕೆ ಆ ಮೌನವೇ ಹೆದರಿಸುತ್ತದೆ. ನಾಲ್ಕನೆಯ ಸಲ ಜೀರುಂಡೆ ನಿಲ್ಲಲಿ, ಬಂದವನು ಮಂಜ ಆಗಿರಲಿ.

ಜೋರು ಮಿಕ್ಸಿಂಗ್‌ಗೆ ಇನ್ನೊಂದು ತೊಡಕೂ ಇದೆ. ಡಾಲ್ಬಿ ವ್ಯವಸ್ಥೆಯ ಥಿಯೇಟರಿನಲ್ಲಿ ವಾಲ್ಯೂಮ್ ಪ್ರಮಾಣಿತ ಮಟ್ಟ 7. ಕಿವಿಗೆ ಬಡಿಯುತ್ತದೆ ಎಂದು ಪ್ರೇಕ್ಷಕರು ದೂರಿದರೆ ಆಪರೇಟರ್ 5ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಸುತ್ತಾರೆ. ಆಗ ಬಿಜಿಎಂ ಜೊತೆಗೆ ಕಿಟ್ಟಿಯ ಪಿಸುಮಾತೂ ಮುಳುಗುತ್ತದೆ, ನಿಮ್ಮ ಅರ್ಧ ಹಾಸ್ಯ ಇರುವುದು ಆ ಪಿಸುಮಾತಿನಲ್ಲಿ.

ನಗುವಿನ ಕಟ್‌ಗೂ ಒಂದು ಅಳತೆ ಬೇಕು. ಜೋಕಿನ ಮೇಲೆ ಬರುವ ಪ್ರತಿಕ್ರಿಯೆಯ ಶಾಟನ್ನು ನೀವು ಬಹಳ ಬೇಗ ಕತ್ತರಿಸಿದ್ದೀರಿ. 12ರಿಂದ 18 ಫ್ರೇಮ್, ಅಂದರೆ ಅರ್ಧದಿಂದ ಮುಕ್ಕಾಲು ಸೆಕೆಂಡು, ಹೆಚ್ಚು ಹಿಡಿಯಿರಿ. ದೊಡ್ಡ ನಗು ಬಂದ ಕಡೆ ಮುಂದಿನ ಒಂದೂವರೆ-ಎರಡು ಸೆಕೆಂಡಿನಲ್ಲಿ ಸುಳಿವಿನ ಮಾತು ಇರಕೂಡದು. ಲ್ಯಾಪ್‌ಟಾಪಿನಲ್ಲಿ ಒಬ್ಬರೇ ನೋಡಿದಾಗ ಅದು ಕೇಳುತ್ತದೆ, 200 ಜನ ನಕ್ಕಾಗ ಕೇಳುವುದಿಲ್ಲ. ಬಾವಿಯ ಗಡಗಡೆಯ ಸುಳಿವು ನಿಮ್ಮಲ್ಲಿ ಹಾಗೇ ಕಳೆದುಹೋಗಿದೆ.

ಬೆಳಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸ್ಯದ ದೃಶ್ಯಗಳು ಹಳದಿ, ದೆವ್ವದವು ನೀಲಿ ಎಂದು ಬಣ್ಣ ಹಂಚಿದ್ದೀರಿ. ನೀಲಿ ಕಂಡ ಕೂಡಲೇ ‘ಬಂತು’ ಎಂದು ತಿಳಿಯುತ್ತದೆ. ಡಿಐ (ಎಡಿಟಿಂಗ್ ಆದ ಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ಹೊಂದಿಸುವುದು) ಮಾಡುವಾಗ ಎರಡಕ್ಕೂ ಒಂದೇ ಬಣ್ಣ ಕೊಡಿಸಿ. ಕತ್ತಲನ್ನು ಅತಿ ಮಾಡಿಸಬೇಡಿ. ಥಿಯೇಟರ್ ತೆರೆಯ ಬೆಳಕಿನ ಪ್ರಮಾಣ 14 ಫುಟ್-ಲ್ಯಾಂಬರ್ಟ್, ಪ್ರೊಜೆಕ್ಟರಿನ ದೀಪ ಹಳತಾದ ಕಡೆ ಅಷ್ಟು ಸಿಗುವುದಿಲ್ಲ, ಗ್ರೇಡಿಂಗ್ ಮಾನಿಟರ್‌ನಲ್ಲಿ ಕಂಡ ನೆರಳು ಅಲ್ಲಿ ಮಾಯ. ದೆವ್ವದ ಮುಖ ಭೀಕರ ಮಾಡುವ ಬದಲು ಕಡಿಮೆ ತೋರಿಸಿ. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಆರ್ಭಟಿಸುತ್ತ, ಸ್ವಲ್ಪಸ್ವಲ್ಪವೇ ಕಾಣಿಸಿಕೊಂಡು ಬರುತ್ತದಲ್ಲ, ಆ ಲೆಕ್ಕ. ಮೊದಲ ಗಂಟೆಯಲ್ಲಿ ಕೈ ಮತ್ತು ದನಿ ಸಾಕು.

ಉಳಿದ ದುಡ್ಡಿನಲ್ಲಿ ನಿಮಗಿರುವ ದಾರಿಗಳು ಇವು. ಶೂಟಿಂಗ್ ಮಾಡದೆ ಬರೀ ಎಡಿಟಿಂಗ್‌ನಲ್ಲಿ 22ರಿಂದ 25 ನಿಮಿಷ ಇಳಿಸಿ, ಸದ್ದು ಸರಿಮಾಡಿ, ದನಿಯ ದೃಶ್ಯಗಳಿಗೆ ಹೊಸ ಡಬ್ಬಿಂಗ್ ಮಾಡಬಹುದು. ಖರ್ಚು ಕಡಿಮೆ, ಮೊದಲಾರ್ಧ ಖಂಡಿತ ಸುಧಾರಿಸುತ್ತದೆ, ಕ್ಲೈಮ್ಯಾಕ್ಸ್ ಮಾತ್ರ ಹಾಗೇ ಉಳಿಯುತ್ತದೆ. ಕಾಮಿಡಿ ತೆಗೆದು ಬರೀ ಹಾರರ್ ಮಾಡುವುದು ನಾನು ಬೇಡವೆನ್ನುವ ದಾರಿ. ಕಿಟ್ಟಿಯೇ ನಿಮ್ಮ ಸಿನಿಮಾದ ಜೀವ. ಅವನನ್ನು ತೆಗೆದರೆ ಉಳಿಯುವ 80 ನಿಮಿಷದಲ್ಲಿ ನಾವು ಪ್ರೀತಿಸುವವರು ಯಾರೂ ಇರುವುದಿಲ್ಲ, ಪ್ರೀತಿಸದವರಿಗಾಗಿ ಯಾರೂ ಹೆದರುವುದಿಲ್ಲ.

ನಾನು ಮೂರು ದಿನವನ್ನು ಹೀಗೆ ಬಳಸುತ್ತೇನೆ. ಮೊದಲ ರಾತ್ರಿ, ಕಟ್ಟಳೆ ಕಲಿಸುವ ಅಡುಗೆಮನೆಯ ದೃಶ್ಯಗಳು. ಎರಡನೆಯ ರಾತ್ರಿ, ಕಿಟ್ಟಿಯ ಜ್ವರ. ಮೂರನೆಯದು ಪೂರ್ತಿ ಚಿಕ್ಕಪ್ಪನಿಗೆ. ಒಂದು ರಾತ್ರಿಗೆ ಚಿತ್ರಕಥೆಯ ಮೂರು ಪುಟಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಮೂರೂ ಮನೆಯೊಳಗಿನ ದೃಶ್ಯಗಳಾಗಿರುವುದಕ್ಕೆ ಕಾರಣವಿದೆ: ನೀವು ಮಳೆಗಾಲದಲ್ಲಿ ಶೂಟ್ ಮಾಡಿದ್ದೀರಿ, ಈಗ ಅಂಗಳದ ಪಾಚಿ ಒಣಗಿದೆ, ಹೊರಗೆ ಹೋದರೆ ಹಳೆಯ ಶಾಟ್‌ಗಳ ಜೊತೆ ಹೊಂದುವುದಿಲ್ಲ. ಕಿಟಕಿಯ ಆಚೆ ಮಳೆ ಬೇಕೇ ಬೇಕೆಂದರೆ ಪೈಪಿನ ನೀರಿಗೆ ಹಿಂದಿನಿಂದ ಬೆಳಕು ಕೊಡಿ, ಮುಂದಿನಿಂದ ಕೊಟ್ಟರೆ ಮಳೆ ಕಾಣುವುದೇ ಇಲ್ಲ. ಕಿಟ್ಟಿಯ ಗಡ್ಡ ಮೊದಲಿನ ಉದ್ದಕ್ಕೆ ಬಂದಿದೆಯೇ ನೋಡಿಯೇ ದಿನ ಗೊತ್ತು ಮಾಡಿ.

ಸೆಟ್‌ನಲ್ಲಿ ಕೆಲವು ವಿಷಯಕ್ಕೆ ರಾಜಿ ಇಲ್ಲ. ನಟಿಯನ್ನು ಬಾವಿಗೆ ಇಳಿಸಬೇಡಿ. ಹಳೆಯ ಬಾವಿಯಲ್ಲಿ ಆಮ್ಲಜನಕ ಕಡಿಮೆ ಇರಬಹುದು, ದೀಪ ಇಳಿಸಿ ನೋಡಿದ್ದು ಪರೀಕ್ಷೆಯಲ್ಲ. ಕಟ್ಟೆಯ ನಾಲ್ಕು ಅಡಿಯ ಮಾದರಿಯನ್ನು ಅಂಗಳದಲ್ಲೇ ಕಟ್ಟಿ, ಕೆಳಗಿನಿಂದ ಮೇಲೆ ನೋಡುವ ಶಾಟ್ ತೆಗೆಯಿರಿ. ಮಂತ್ರವಾದಿಯ ದೃಶ್ಯದಲ್ಲಿ ಬೆಂಕಿಯ ಮೇಲೆ ಅರಿಶಿನ, ಹಿಟ್ಟು, ಬಣ್ಣದ ಪುಡಿ ಎರಚಿಸಬೇಡಿ. ಗಾಳಿಯಲ್ಲಿ ಹರಡಿದ ನುಣ್ಣನೆಯ ಪುಡಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ, 2015ರಲ್ಲಿ ತೈವಾನಿನ ವಾಟರ್ ಪಾರ್ಕೊಂದರ ಬಣ್ಣದ ಹಬ್ಬದಲ್ಲಿ ಆದದ್ದು ಅದೇ. ಬಿಳಿ ಕಣ್ಣಿನ ಲೆನ್ಸ್ ಹಾಕುವುದಾದರೆ ಕಣ್ಣಿನ ವೈದ್ಯರ ಹತ್ತಿರ ಅಳತೆ ಮಾಡಿಸಿಯೇ ಹಾಕಿಸಿ, ಹೊಗೆ ಇರುವ ಶಾಟ್‌ನಲ್ಲಿ ಬೇಡ.

ಮಂಜನ ಮೈಮೇಲೆ ಬರುವ ದೃಶ್ಯ ಹೇಗೂ ಹೋಗುತ್ತಿದೆ, ಒಳ್ಳೆಯದಾಯಿತು. ಅದರಲ್ಲಿ ದೈವದ ದರ್ಶನದ ಹಾವಭಾವ ಬಳಸಿದ್ದೀರಿ. ಕರಾವಳಿಯಲ್ಲಿ ಭೂತ ಎಂದರೆ ಪೂಜೆಗೊಳ್ಳುವ ದೈವ, ಸತ್ತವರ ಆತ್ಮಕ್ಕೆ ಕುಲೆ ಎಂಬ ಬೇರೆ ಹೆಸರೇ ಇದೆ. ದೈವದ ಅನುಕರಣೆಯನ್ನು ನಗುವಿಗೆ ಬಳಸಿದರೆ ನಂಬುವವರಿಗೆ ನೋವಾಗುತ್ತದೆ, ನಿಮ್ಮ ಕಥೆಗೂ ಅದು ಬೇಕಿಲ್ಲ. ಕರಿ ಬೆಕ್ಕು ಮತ್ತು ಕೋಳಿಯ ಶಾಟ್‌ಗಳಿಗೆ ಶೂಟಿಂಗ್‌ಗೆ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಪಡೆದಿರಬೇಕಿತ್ತು, ಸೆನ್ಸಾರ್‌ಗೆ ಅದರ ಪತ್ರ ಕೇಳುತ್ತಾರೆ. ಇಲ್ಲದಿದ್ದರೆ ಆ ಶಾಟ್‌ಗಳನ್ನು ಈಗಲೇ ತೆಗೆಯಿರಿ, ಬೆಕ್ಕಿನ ಕೂಗಷ್ಟೇ ಸಾಕು. ಚಿಕ್ಕಪ್ಪನ ಬೀಡಿಗೆ ತಂಬಾಕು ಎಚ್ಚರಿಕೆ ಹಾಕಬೇಕಾಗುತ್ತದೆ, ಬೀಡಿಯ ಬದಲು ಬರೀ ಎಲೆ-ಅಡಿಕೆ ಕೊಟ್ಟರೆ ಆ ರಗಳೆಯೂ ಇಲ್ಲ, ಅಡಕತ್ತರಿ ಅವನ ಕೈಯಲ್ಲಿರುವುದಕ್ಕೆ ಕಾರಣವೂ ಸಿಗುತ್ತದೆ. ಸೆನ್ಸಾರ್ ಕೊಡುವ ಯುಎ (ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದು ಎಂಬ) ಪ್ರಮಾಣಪತ್ರದೊಳಗೆ ಈಗ 7+, 13+, 16+ ಎಂದು ಮೂರು ವರ್ಗ ಇವೆ. ರಕ್ತ ಇಲ್ಲದ ನಿಮ್ಮ ಕಥೆ 13+ಗೆ ಹೊಂದುವಂಥದು. ಮೂರನೆಯ ‘ಇಲ್ಲ’ದ ಪರಿಣಾಮವನ್ನು ಎಷ್ಟು ತೋರಿಸುತ್ತೀರಿ ಎಂಬುದರ ಮೇಲೆ ಅದು ನಿಂತಿದೆ.

ಹೊಸ ಕಟ್ ಆದ ಮೇಲೆ ಹಳೆಯ 22 ಜನರನ್ನು ಕರೆಯಬೇಡಿ, ಅವರಿಗೆ ಚಿಕ್ಕಪ್ಪ ಗೊತ್ತು. ಹೊಸಬರು 20-30 ಜನ ಇರಲಿ, ಅರ್ಧದಷ್ಟಾದರೂ ನಿಮ್ಮ ಗೆಳೆಯರ ಬಳಗದ ಹೊರಗಿನವರು. ಇಂಟರ್ವಲ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟು ಒಂದೇ ಪ್ರಶ್ನೆ ಕೇಳಿ: ‘ಸರಸತ್ತೆ ಕೇಳಿದರೆ ನೀವು ಏನು ಹೇಳುತ್ತೀರಿ?’ ಹತ್ತರಲ್ಲಿ ಎಂಟು ಚೀಟಿಯಲ್ಲಿ ‘ಆತು’ ಎಂದಿದ್ದರೆ ಕಟ್ಟಳೆ ತಲುಪಿದೆ, ಕಿಟ್ಟಿಯ ಜ್ವರದ ದೃಶ್ಯಕ್ಕೆ ಅವರು ಸಿದ್ಧರಾಗಿದ್ದಾರೆ. ಅದಕ್ಕಿಂತ ಕಡಿಮೆ ಬಂದರೆ ಜ್ವರದ ದೃಶ್ಯವನ್ನು ಮುಟ್ಟದೆ, ಅಡುಗೆಮನೆಯ ಎರಡನೆಯ ರಾತ್ರಿಯ ದೃಶ್ಯಕ್ಕೆ ವಾಪಸ್ ಹೋಗಿ.